ಕಿಡಿ ಯಾಕೆ ಮೊದಲೇ ಹಾರಬೇಕು?

ಆಗುಂಬೆ ಘಾಟಿಯಲ್ಲಿ 14 ತಿರುವು. ಸೋಮೇಶ್ವರದ ಕಡೆಯಿಂದ ಹತ್ತುವಾಗ ನಮ್ಮ ದೊಡ್ಡಪ್ಪನ ಹಳೇ ಪೆಟ್ರೋಲ್ ಕಾರು ಅರ್ಧ ದಾರಿಗೇ ಸುಸ್ತಾಗುತ್ತಿತ್ತು. ರೇಡಿಯೇಟರ್ ನೀರು ಕುದಿಯುತ್ತಿತ್ತು. ಎಕ್ಸಿಲರೇಟರ್ ಎಷ್ಟು ತುಳಿದರೂ ಎಳೆತ ಇಲ್ಲ. ಮನೆಯಲ್ಲಿ ದೃಷ್ಟಿ ಬಿದ್ದಿದೆ ಅಂದರು. ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದಾಯಿತು, ಕುಂಬಳಕಾಯಿ ಒಡೆದದ್ದೂ ಆಯಿತು. ನನಗೆ ಈಗಲೂ ಬೇಸರ ಆಗುವುದು ಇದಕ್ಕೇ. ಕಾರಣ ಬಾನೆಟ್ ಕೆಳಗೆ, ಕೈಗೆ ಸಿಗುವ ಜಾಗದಲ್ಲೇ ಇತ್ತು. ಕಿಡಿ ತಡವಾಗಿ ಹಾರುತ್ತಿತ್ತು, ಅಷ್ಟೇ.

ದೃಷ್ಟಿಗಿಂತ ಜಾಸ್ತಿ ಹಬ್ಬಿರುವ ತಪ್ಪು ತಿಳಿವಳಿಕೆ ಇನ್ನೊಂದಿದೆ. ಸಿಲಿಂಡರಿನೊಳಗೆ ಪೆಟ್ರೋಲ್ ಸ್ಫೋಟ ಆಗುತ್ತದೆ ಅಂತ ಓದಿದವರೂ ಹೇಳುತ್ತಾರೆ. ಇಲ್ಲ, ಅದು ಉರಿಯುತ್ತದೆ. ಕಿಡಿ ಹಾರಿಸುವ ಪ್ಲಗ್ ಹತ್ತಿರ ಹೊತ್ತಿದ ಬೆಂಕಿ ಹರಡುತ್ತಾ ಮೂಲೆ ಮುಟ್ಟಲು ಹೊತ್ತು ಬೇಕು. ಅಂದಾಜಿಗೆ 2 ಮಿಲಿಸೆಕೆಂಡ್ ಅನ್ನಿ.

ನಮ್ಮ ಬಚ್ಚಲೊಲೆ ನೋಡಿ. ಆರು ಗಂಟೆಗೆ ಹಂಡೆಯಲ್ಲಿ ಬಿಸಿನೀರು ಬೇಕಾದರೆ ಆರಕ್ಕೇ ಯಾರಾದರೂ ಸೋಗೆಗೆ ಬೆಂಕಿ ಕೊಡುತ್ತಾರಾ? ಐದಕ್ಕೇ ಹಚ್ಚಬೇಕು, ಅಲ್ವಾ. ಹಾಗೆಯೇ ಪಿಸ್ಟನ್ ಮೇಲಿನ ತುದಿ ಮುಟ್ಟುವ ಮೊದಲೇ ಕಿಡಿ ಹಾರಬೇಕು. ಆಗ ಒತ್ತಡ ಪೂರ್ತಿ ಏರುವುದು, ಪಿಸ್ಟನ್ ಓಟದಿಂದ ತಿರುಗುವ ಕ್ರ್ಯಾಂಕ್ ದಂಡ ಆ ತುದಿ ದಾಟಿ ಸುಮಾರು 15 ಡಿಗ್ರಿ ಹೋದ ಮೇಲೆ. ಜೋಕಾಲಿ ನೂಕುವ ಮಕ್ಕಳಿಗೂ ಈ ಲೆಕ್ಕ ಗೊತ್ತು. ಜೋಕಾಲಿ ನಮ್ಮ ಕಡೆ ಬರುತ್ತಿರುವಾಗಲೇ ನೂಕಿದರೆ ಕೈಗೇ ಪೆಟ್ಟು. ದೂರ ಹೋದ ಮೇಲೆ ನೂಕಿದರೆ ಕೈಗೆ ಗಾಳಿಯೇ ಗತಿ. ತುದಿ ಮುಟ್ಟಿ ಹೊರಳುವಾಗ ನೂಕಬೇಕು.

ಇದರ ಸೊಗಸು ಲೆಕ್ಕದಲ್ಲಿದೆ. ಐಡ್ಲಿಂಗ್‌ನಲ್ಲಿ, 800 ಆರ್‌ಪಿಎಂ (ಗಾಡಿ ನಿಂತಲ್ಲೇ ಎಂಜಿನ್ ನಿಮಿಷಕ್ಕೆ 800 ಸುತ್ತು) ಇರುವಾಗ, ಒಂದು ಸುತ್ತಿಗೆ 75 ಮಿಲಿಸೆಕೆಂಡ್. ಬೆಂಕಿ ಹರಡುವ 2 ಮಿಲಿಸೆಕೆಂಡಿನಲ್ಲಿ ಕ್ರ್ಯಾಂಕ್ ತಿರುಗುವುದು ಹತ್ತಿರ ಹತ್ತಿರ 10 ಡಿಗ್ರಿ. 3000 ಆರ್‌ಪಿಎಂಗೆ ಅದೇ 2 ಮಿಲಿಸೆಕೆಂಡಿನಲ್ಲಿ 36 ಡಿಗ್ರಿ! ವೇಗ ಏರಿದಾಗ ಒಳಗಿನ ಗಾಳಿಯ ಸುಳಿ ಬೆಂಕಿಗೂ ಚುರುಕು ಕೊಡುತ್ತದೆ. ಆದರೂ ಪಿಸ್ಟನ್ ಓಟಕ್ಕೆ ಅದು ಸಾಟಿ ಅಲ್ಲ. ಹಾಗಾಗಿ ಕಿಡಿ ಇನ್ನೂ ಮೊದಲು ಹಾರಬೇಕು. ಹಳೇ ಕಾರಿನಲ್ಲಿ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ ಸ್ಪ್ರಿಂಗಿಗೆ ಕಟ್ಟಿದ ಎರಡು ಪುಟ್ಟ ತೂಕಗಳಿವೆ. ವೇಗ ಏರಿದಷ್ಟೂ ಅವು ಹೊರಗೆ ಸರಿದು, ಕಿಡಿಯ ಹೊತ್ತು ಗೊತ್ತುಮಾಡುವ ಉಬ್ಬುಗಳ ತುಂಡನ್ನು, ಅಂದರೆ ಕ್ಯಾಮನ್ನು, ಮುಂದೆ ತಿರುಗಿಸುತ್ತವೆ. ಕಂಪ್ಯೂಟರ್ ಇಲ್ಲದ ಕಾಲದ ಜಾಣತನ ಇದು.

ಅದಕ್ಕೂ ಮೊದಲು, 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ, ಡ್ರೈವರೇ ಸ್ಟಿಯರಿಂಗ್ ಕೆಳಗಿನ ಲಿವರ್ ಎಳೆದು ಇದನ್ನು ಮಾಡಬೇಕಿತ್ತು. ಸ್ಟಾರ್ಟ್ ಮಾಡುವಾಗ ಲಿವರ್ ಹಿಂದೆ ತರಲು ಮರೆತರೆ ಎಂಜಿನ್ ತಿರುಗಿಸುವ ಹ್ಯಾಂಡಲ್ ತಿರುಗಿ ಹೊಡೆದು ಕೈ ಮುರಿಯುತ್ತಿತ್ತು. ನಮ್ಮ ಹಳೇ ಮೆಕ್ಯಾನಿಕ್‌ಗಳು ಡಿಸ್ಟ್ರಿಬ್ಯೂಟರ್‌ಗೆ 'ಡೆಲ್ಕೋ' ಅನ್ನುತ್ತಾರಲ್ಲ, ಅದು ಅಮೆರಿಕದ ಡೇಟನ್ ಊರಲ್ಲಿ ಚಾರ್ಲ್ಸ್ ಕೆಟರಿಂಗ್ ಕಟ್ಟಿದ ಕಂಪನಿಯ ಹೆಸರು. ಆಗ ಎಂಜಿನ್ ನಾಕಿಂಗ್ ಹೊಡೆದರೆ, ಅಂದರೆ ಒಳಗಿಂದ ಕಟಕಟ ಸದ್ದು ಬಂದರೆ, ಜನ ಕೆಟರಿಂಗ್ ಅವರ ಇಗ್ನಿಶನ್ನನ್ನೇ ದೂರುತ್ತಿದ್ದರು. ದೋಷ ಇಂಧನದಲ್ಲಿದೆ ಅಂತ ತೋರಿಸಿದವರು ಅವರ ಕೈಕೆಳಗಿದ್ದ ಥಾಮಸ್ ಮಿಜ್ಲಿ. 1921ರಲ್ಲಿ ಅವರು ಕಂಡುಕೊಂಡ ಮದ್ದು ಪೆಟ್ರೋಲಿಗೆ ಸೀಸ ಬೆರೆಸುವುದು. ಆ ವಿಷ ನಮ್ಮ ದೇಶದ ಪಂಪುಗಳಿಂದ ಹೋದದ್ದು 2000ದಲ್ಲಿ.

ದೊಡ್ಡಪ್ಪನ ಕಾರಿನಲ್ಲಿ ಕಿಡಿ ತಡವಾದದ್ದು ಹೇಗೆ? ಡಿಸ್ಟ್ರಿಬ್ಯೂಟರ್ ಒಳಗೆ ಪಾಯಿಂಟ್ ಅನ್ನುವ ಪುಟ್ಟ ಸ್ವಿಚ್ ಇದೆ, ಅದು ತೆರೆದಾಗಲೇ ಕಿಡಿ ಹಾರುವುದು. ಕ್ಯಾಮ್ ಅದನ್ನು ಎತ್ತುವ ಕಡೆ ಫೈಬರಿನ ಸಣ್ಣ ಹಿಮ್ಮಡಿ ಇದೆ. ಆ ಹಿಮ್ಮಡಿ ಉಜ್ಜಿ ಉಜ್ಜಿ ಸವೆಯುತ್ತದೆ. ಸವೆದಂತೆ ಪಾಯಿಂಟಿನ ಗ್ಯಾಪ್ (ತೆರೆದಾಗಿನ ಸಂದಿ) ಕಿರಿದಾಗಿ ಪಾಯಿಂಟ್ ತಡವಾಗಿ ತೆರೆಯುತ್ತದೆ. ಪಿಸ್ಟನ್ ಕೆಳಗಿಳಿದರೂ ಬೆಂಕಿ ಇನ್ನೂ ಉರಿಯುತ್ತಿರುತ್ತದೆ. ಗಾಡಿ ಎಳೆಯಬೇಕಾದ ಶಾಖ ಸೈಲೆನ್ಸರಿಗೂ ರೇಡಿಯೇಟರಿಗೂ ಹೋಗುತ್ತದೆ.

ಶಿವಮೊಗ್ಗದ ಹಿರಿಯ ಮೆಕ್ಯಾನಿಕ್ ಒಬ್ಬರು ಮೊದಲು ಸಂದಿ ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್ ಇಟ್ಟು ಗ್ಯಾಪ್ 0.4 ಮಿ.ಮೀ.ಗೆ ತಂದರು. ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಆಮೇಲೆ. ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ, ಅದಕ್ಕೇ ಈ ಕ್ರಮ. ಒಂದನೇ ಸಿಲಿಂಡರನ್ನು ಕಂಪ್ರೆಶನ್‌ಗೆ ತಂದು ಕ್ರ್ಯಾಂಕ್ ಪುಲ್ಲಿಯ ಗುರುತನ್ನು ಎಂಜಿನ್ ಮೇಲಿನ ಗುರುತಿಗೆ ಕೂಡಿಸಿದರು. ಕಿಡಿಗೆ ಬೇಕಾದ ಹೆಚ್ಚು ವೋಲ್ಟ್ ಹುಟ್ಟಿಸುವ ಕಾಯಿಲಿನಿಂದ ಪಾಯಿಂಟಿಗೆ ವೈರ್ ಹೋಗುವ ತುದಿಗೂ ಬಾಡಿಗೂ ನಡುವೆ ಒಂದು 12 ವೋಲ್ಟ್ ಬಲ್ಬ್ ಕಟ್ಟಿ ಚಾವಿ ಆನ್ ಮಾಡಿದರು. ಡೆಲ್ಕೋ ಬೋಲ್ಟ್ ಸಡಿಲಿಸಿ, ಒಳಗಿನ ರೋಟರ್ ತಿರುಗುವ ದಿಕ್ಕಿಗೆ ಎದುರಾಗಿ ಡೆಲ್ಕೋವನ್ನೇ ಮೆಲ್ಲಗೆ ತಿರುಗಿಸಿದರು. ಬಲ್ಬ್ ಹತ್ತಿತು. ಪಾಯಿಂಟ್ ತೆರೆದದ್ದು, ಕಿಡಿ ಹಾರುವುದು ಆ ಕ್ಷಣದಲ್ಲೇ. ಅಲ್ಲೇ ಬಿಗಿ ಮಾಡಿದರು. ಡೆಲ್ಕೋ 1 ಡಿಗ್ರಿ ತಿರುಗಿದರೆ ಕ್ರ್ಯಾಂಕ್ ಲೆಕ್ಕದಲ್ಲಿ 2 ಡಿಗ್ರಿ. ಕೈ ಹಗುರ ಇರಬೇಕು.

ಪಿಕಪ್ ಬರಲಿ ಅಂತ ಸುಮ್ನೆ ಇನ್ನಷ್ಟು ತಿರುಗಿಸುವವರಿದ್ದಾರೆ. ದಯವಿಟ್ಟು ಬೇಡ. ಏರು ಹತ್ತುವಾಗ ಡಬ್ಬದಲ್ಲಿ ಕಲ್ಲು ಕುಲುಕಿದ ಸದ್ದು ಬರುತ್ತದೆ. ಹರಡುವ ಬೆಂಕಿ ತಲುಪುವ ಮೊದಲೇ ಮೂಲೆಯ ಪೆಟ್ರೋಲ್ ಗಾಳಿ ತಾನಾಗಿ ಹೊತ್ತಿಕೊಳ್ಳುವ ಸದ್ದು ಅದು, ಮೇಲೆ ಹೇಳಿದ ನಾಕಿಂಗ್ ಇದೇ. ಸ್ಫೋಟ ಅನ್ನುವ ಮಾತು ಒಪ್ಪುವುದು ಇಲ್ಲಿ ಮಾತ್ರ. ಹಾಗೇ ಬಿಟ್ಟರೆ ಪಿಸ್ಟನ್ ತೂತಾಗಬಹುದು.

ಹಿಮ್ಮಡಿಗೆ ಅಕ್ಕಿಕಾಳಿನಷ್ಟು ಗ್ರೀಸ್ ಹಚ್ಚಿ ಅವರು ಕ್ಯಾಪ್ ಮುಚ್ಚಿದರು. ಆ ಭಾನುವಾರ ನಾವು ಹೆಬ್ರಿಗೆ ಹೋಗಿ ಬಂದೆವು. ಘಾಟಿಯ ಕೊನೇ ತಿರುವು ದಾಟಿದಾಗಲೂ ಟೆಂಪರೇಚರ್ ಮುಳ್ಳು ನಡುವಿನಲ್ಲೇ ನಿಂತಿತ್ತು.