ಶಾಲಾ ಗ್ರಂಥಾಲಯ ಪರಿಸರಸ್ನೇಹಿಯಾಗಲು: ಬೆಳಕು, ತೇವ, ಗೋಂದು, ಕಾಗದ

ಪರಿಸರಸ್ನೇಹಿ ಗ್ರಂಥಾಲಯ ಎಂದೊಡನೆ ಕಪಾಟಿನ ಮೇಲೊಂದು ಹೂಕುಂಡ, ಗೋಡೆಗೆ ಹಸಿರು ಬಣ್ಣ, ಬಾಗಿಲಲ್ಲೊಂದು ಭಿತ್ತಿಪತ್ರ ಕಣ್ಣ ಮುಂದೆ ಬರುತ್ತವೆ. ಇವುಗಳಿಂದ ಕರೆಂಟೂ ಉಳಿಯದು, ಕಾಗದವೂ ಉಳಿಯದು. ಒಂದೇ ಪ್ರತಿಯನ್ನು ನೂರು ಮಕ್ಕಳು ಓದುವ ವ್ಯವಸ್ಥೆ ಹುಟ್ಟಿನಿಂದಲೇ ಹಸಿರಾದದ್ದು. ನಾವು ಮಾಡಬೇಕಾದದ್ದು ಎರಡೇ ಕೆಲಸ: ಆ ಪ್ರತಿ ನೂರನೆಯ ಮಗುವಿನ ಕೈ ಸೇರುವವರೆಗೆ ಗಟ್ಟಿಯಾಗಿರಬೇಕು, ಅದನ್ನು ಇಟ್ಟುಕೊಳ್ಳುವ ಕೋಣೆ ಕಡಿಮೆ ಕರೆಂಟು ತಿನ್ನಬೇಕು. ಟಿಪ್ಪಣಿಯಲ್ಲಿರುವುದೆಲ್ಲ ಈ ಎರಡರ ವಿವರ.

ಮೊದಲು ಅಳತೆ

ಏನನ್ನೂ ಬದಲಿಸುವ ಮುನ್ನ ಎರಡು ವಾರ ಲೆಕ್ಕ ಬರೆಯಿರಿ. ಎಷ್ಟು ದೀಪ, ಎಷ್ಟು ಫ್ಯಾನ್, ಒಂದೊಂದರ ಮೇಲೆ ಎಷ್ಟು ವ್ಯಾಟ್ ಎಂದು ಬರೆದಿದೆ, ದಿನಕ್ಕೆ ಎಷ್ಟು ಗಂಟೆ ಉರಿಯುತ್ತವೆ, ಪ್ರಿಂಟರ್‌ಗೆ ಎಷ್ಟು ಹಾಳೆ ಹೋಯಿತು, ಹರಿದ ಪುಸ್ತಕ ಎಷ್ಟು ಬಂದವು. ವ್ಯಾಟ್ ಅನ್ನು ಗಂಟೆಯಿಂದ ಗುಣಿಸಿ 1000ದಿಂದ ಭಾಗಿಸಿದರೆ ಯೂನಿಟ್ ಸಿಗುತ್ತದೆ. ಈ ಪಟ್ಟಿ ಇಲ್ಲದೆ ಶುರು ಮಾಡಿದರೆ ಆರು ತಿಂಗಳ ನಂತರ ಏನು ಉಳಿಯಿತು ಎಂದು ಯಾರೂ ಹೇಳಲಾರರು.

ಬೆಳಕು

ಹಳೆಯ 36 ವ್ಯಾಟ್ ಟ್ಯೂಬ್‌ಲೈಟ್ ನಿಜವಾಗಿ ಎಳೆಯುವುದು 45 ವ್ಯಾಟ್‌ನಷ್ಟು, ಏಕೆಂದರೆ ತಾಮ್ರದ ಚೋಕ್ ಕೂಡ ಬಿಸಿಯಾಗಿ ಕರೆಂಟು ತಿನ್ನುತ್ತದೆ. ಅಂಥ 12 ಟ್ಯೂಬ್ ದಿನಕ್ಕೆ 6 ಗಂಟೆಯಂತೆ ವರ್ಷಕ್ಕೆ 200 ದಿನ ಉರಿದರೆ 648 ಯೂನಿಟ್. ಅದೇ ಜಾಗದಲ್ಲಿ 20 ವ್ಯಾಟ್‌ನ ಎಲ್‌ಇಡಿ ಟ್ಯೂಬ್ ಹಾಕಿದರೆ 288 ಯೂನಿಟ್. ಉಳಿತಾಯ 360.

ಆದರೆ ಹೆಚ್ಚು ಹಣ ಬೇಡದ ದಾರಿಯೊಂದಿದೆ. ಎಷ್ಟೋ ಕೋಣೆಗಳಲ್ಲಿ ದೀಪದ ಸಾಲುಗಳು ಕಿಟಕಿ ಗೋಡೆಗೆ ಲಂಬವಾಗಿ ಹೋಗುತ್ತವೆ. ಹಾಗಾಗಿ ಕತ್ತಲ ಮೂಲೆಗೆ ಬೆಳಕು ಬೇಕೆಂದು ಒಂದು ಸ್ವಿಚ್ ಒತ್ತಿದರೆ ಕಿಟಕಿ ಪಕ್ಕದ ದೀಪವೂ ಹೊತ್ತಿಕೊಳ್ಳುತ್ತದೆ. ವೈರಿಂಗ್ ಮಾಡಿಸುವ ಅವಕಾಶ ಬಂದಾಗ ಕಿಟಕಿಗೆ ಸಮಾನಾಂತರವಾದ ಸಾಲುಗಳಿಗೆ ಒಂದೊಂದು ಸ್ವಿಚ್ ಕೊಡಿಸಿ. ಕಿಟಕಿ ಪಕ್ಕದ 4 ಹಳೆಯ ಟ್ಯೂಬ್‌ಗಳನ್ನು ಅರ್ಧ ದಿನ ಆರಿಸಿಟ್ಟರೂ ಸಾಕು, ವರ್ಷಕ್ಕೆ 108 ಯೂನಿಟ್ ಉಳಿಯುತ್ತದೆ. ಅಲ್ಲಿಯವರೆಗೆ ಸ್ವಿಚ್‌ಗಳ ಮೇಲೆ ಯಾವುದು ಯಾವ ಸಾಲಿನದು ಎಂದು ಚೀಟಿ ಅಂಟಿಸಿ. ತಿಳಿಯದೆ ಎಲ್ಲವನ್ನೂ ಒತ್ತುವ ಅಭ್ಯಾಸ ಇದೊಂದರಿಂದಲೇ ಸಾಕಷ್ಟು ತಗ್ಗುತ್ತದೆ.

ಕಪಾಟುಗಳು ಕಿಟಕಿ ಗೋಡೆಗೆ ಲಂಬವಾಗಿ ನಿಲ್ಲಬೇಕು, ಆಗ ಹಗಲ ಬೆಳಕು ಎರಡು ಕಪಾಟುಗಳ ನಡುವಿನ ಓಣಿಯೊಳಗೆ ಹರಿಯುತ್ತದೆ. ಸಮಾನಾಂತರವಾಗಿ ನಿಲ್ಲಿಸಿದರೆ ಮೊದಲ ಕಪಾಟೇ ಗೋಡೆಯಾಗಿ ಹಿಂದಿನದೆಲ್ಲ ಕತ್ತಲಾಗುತ್ತದೆ. ಹಾಗೆಂದು ನೇರ ಬಿಸಿಲು ಪುಸ್ತಕದ ಬೆನ್ನಿಗೆ ಬೀಳಬಾರದು. ಬೆಳಕಿನಿಂದಾಗುವ ಹಾನಿ ಒಟ್ಟುಗೂಡುತ್ತಾ ಹೋಗುತ್ತದೆ, ಒಮ್ಮೆ ಮಾಸಿದ ಬಣ್ಣ ಮರಳುವುದಿಲ್ಲ. ಬಿಸಿಲು ಬೀಳುವ ಕಿಟಕಿಗೆ ಬಿಳಿ ಪರದೆ ಹಾಕಿ, ಬೆಳಕು ಚದುರಿ ಒಳಗೆ ಬರುತ್ತದೆ. ಚಾವಣಿಗೆ ಬಿಳಿ ಬಣ್ಣ ಬಳಿದರೆ ಅದೂ ದೀಪದ ಕೆಲಸದಲ್ಲಿ ಪಾಲು ತೆಗೆದುಕೊಳ್ಳುತ್ತದೆ.

ಓದುವ ಮೇಜಿನ ಮೇಲೆ 300ರಿಂದ 500 ಲಕ್ಸ್ (ಮೇಲ್ಮೈಗೆ ಬೀಳುವ ಬೆಳಕಿನ ಅಳತೆ), ಕಪಾಟಿನ ಮುಖದ ಮೇಲೆ 200 ಲಕ್ಸ್ ಇದ್ದರೆ ಸಾಕು. ಮೇಜಿನ ಎತ್ತರದಲ್ಲೇ ಅಳೆಯಿರಿ. ಫೋನಿನ ಲಕ್ಸ್ ಆ್ಯಪ್ ನಿಖರವಲ್ಲ, ಆದರೆ ಒಂದೇ ಫೋನಿನಿಂದ ಮೊದಲು ಮತ್ತು ನಂತರ ಅಳೆದು ಹೋಲಿಸಲು ಆದೀತು. ಇಡೀ ಕೋಣೆಯನ್ನು 500 ಲಕ್ಸ್‌ಗೆ ಏರಿಸುವ ಬದಲು ಮೇಜಿಗೆ ಮಾತ್ರ ಪುಟ್ಟ ದೀಪ ಕೊಡುವುದು ಲೇಸು.

ಎಲ್‌ಇಡಿಗೆ ಬದಲಿಸುವಾಗ ಎಡವುವುದು ಎರಡು ಕಡೆ. ಒಂದು, ವೈರಿಂಗ್. ಕೆಲವು ಎಲ್‌ಇಡಿ ಟ್ಯೂಬ್‌ಗಳಿಗೆ ಒಂದೇ ತುದಿಯಿಂದ ಕರೆಂಟು ಕೊಡಬೇಕು, ಕೆಲವಕ್ಕೆ ಎರಡೂ ತುದಿಯಿಂದ. ತಾಮ್ರದ ಚೋಕ್ ಇರುವ ಪಟ್ಟಿಗೆ ಹಾಕುವುದಾದರೆ ಎಲ್‌ಇಡಿ ಟ್ಯೂಬಿನೊಂದಿಗೆ ಬರುವ ವಿಶೇಷ ಸ್ಟಾರ್ಟರನ್ನೇ ಹಾಕಬೇಕು. ತಪ್ಪಿದರೆ ಶಾರ್ಟ್ ಆಗುತ್ತದೆ. ಇದು ಎಲೆಕ್ಟ್ರಿಷಿಯನ್‌ನ ಕೆಲಸ, ವಿದ್ಯಾರ್ಥಿಗಳು ಕೈಹಾಕಬಾರದು. ಎರಡು, ಮಿನುಗು. ಅಗ್ಗದ ಡ್ರೈವರ್‌ಗಳ (ಎಲ್‌ಇಡಿಗೆ ಕರೆಂಟು ಹದಮಾಡಿ ಕೊಡುವ ಭಾಗ) ಮಿನುಗು ಕಣ್ಣಿಗೆ ಕಾಣದಿದ್ದರೂ ಓದುವಾಗ ತಲೆನೋವು ತರಬಲ್ಲದು. ಫೋನಿನ ಕ್ಯಾಮೆರಾವನ್ನು ದೀಪದತ್ತ ಹಿಡಿದಾಗ ಪರದೆಯಲ್ಲಿ ಕಪ್ಪು ಪಟ್ಟಿಗಳು ಓಡಾಡಿದರೆ ಆ ಮಾದರಿ ಬೇಡ.

ತೆಗೆದ ಹಳೆಯ ಟ್ಯೂಬ್‌ಗಳಲ್ಲಿ ಕೆಲವು ಮಿಲಿಗ್ರಾಂ ಪಾದರಸ ಇರುತ್ತದೆ. ಅವು ಕಸದ ಬುಟ್ಟಿಗೆ ಹೋಗದೆ, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಹೋಗಬೇಕು. ಒಡೆದರೆ ಎಲ್ಲರೂ ಹೊರಗೆ ಬನ್ನಿ, ಕಿಟಕಿ ತೆರೆದು ಕಾಲು ಗಂಟೆ ಬಿಡಿ. ನಂತರ ಕೈಗವಸು ಹಾಕಿ ಚೂರುಗಳನ್ನು ಗಟ್ಟಿ ರಟ್ಟಿನಿಂದ ಗೋರಿ, ಪುಡಿಯನ್ನು ಅಂಟುಪಟ್ಟಿಯಿಂದ ಎತ್ತಿ, ಮುಚ್ಚಳವಿರುವ ಡಬ್ಬಿಗೆ ಹಾಕಿ. ಪೊರಕೆ ಅಥವಾ ವ್ಯಾಕ್ಯೂಮ್ ಬಳಸಿದರೆ ಪಾದರಸ ಗಾಳಿಗೆ ಹರಡುತ್ತದೆ.

ಗಾಳಿ ಮತ್ತು ತೇವ

ಸಾಮಾನ್ಯ ಸೀಲಿಂಗ್ ಫ್ಯಾನ್ 75 ವ್ಯಾಟ್ ಎಳೆದರೆ ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ ಮೋಟಾರಿನ) ಫ್ಯಾನ್ 30ರ ಆಸುಪಾಸಿನಲ್ಲಿ ಮುಗಿಸುತ್ತದೆ. ಮೇಲಿನ ಗಂಟೆ, ದಿನಗಳ ಲೆಕ್ಕದಲ್ಲೇ 6 ಫ್ಯಾನ್ ಬದಲಿಸಿದರೆ 324 ಯೂನಿಟ್ ಉಳಿತಾಯ. ದೀಪದ ಉಳಿತಾಯಕ್ಕೆ ಹೆಚ್ಚುಕಡಿಮೆ ಸಮ, ಆದರೂ ಫ್ಯಾನಿನ ಕಡೆ ಯಾರೂ ತಲೆಯೆತ್ತಿ ನೋಡುವುದಿಲ್ಲ.

ತೇವದ ವಿಷಯ ಇದಕ್ಕಿಂತ ಸೂಕ್ಷ್ಮ. ಪುಸ್ತಕಕ್ಕೆ ಹಿತವಾದ ಸಾಪೇಕ್ಷ ಆರ್ದ್ರತೆ ಶೇ 40ರಿಂದ 55. ಶೇ 65 ದಾಟಿ ಹಾಗೇ ನಿಂತರೆ ಬೂಷ್ಟಿಗೆ ದಾರಿ ತೆರೆಯುತ್ತದೆ. ಆರ್ದ್ರತಾಮಾಪಕವೊಂದನ್ನು ಕೋಣೆಯ ನಡುವೆ ತೂಗುಹಾಕಿದರೆ ಸಮಾಧಾನಕರ ಅಂಕಿ ಸಿಗುತ್ತದೆ, ನಿಜ ತಿಳಿಯುವುದು ಹೊರಗೋಡೆಯ ಪಕ್ಕದ ಕೆಳ ಅರೆಯಲ್ಲಿಟ್ಟಾಗ. ಹೊರಗೋಡೆ ತಣ್ಣಗಿರುತ್ತದೆ, ಕೋಣೆಯ ತೇವ ಅಲ್ಲಿ ಕೂರುತ್ತದೆ, ಕಪಾಟು ಗೋಡೆಗೆ ಒತ್ತಿಕೊಂಡಿದ್ದರೆ ಗಾಳಿ ಸುಳಿಯದೆ ಬೂಷ್ಟು ಏಳುತ್ತದೆ. ಗೋಡೆಯಿಂದ 5ರಿಂದ 10 ಸೆಂಟಿಮೀಟರ್ ಬಿಟ್ಟು ಕಪಾಟು ನಿಲ್ಲಿಸಿ. ಕೆಳ ಅರೆ ನೆಲದಿಂದ 10ರಿಂದ 15 ಸೆಂಟಿಮೀಟರ್ ಮೇಲಿರಲಿ. ಪುಸ್ತಕ ಕಿಕ್ಕಿರಿದಿರಬಾರದು. ಹೊರಗಿನ ಗಾಳಿ ಒಣದಾಗಿದ್ದಾಗ ಕಿಟಕಿ ತೆರೆಯಿರಿ, ಮಳೆ ಸುರಿಯುವಾಗ ತೆರೆದರೆ ತೇವವನ್ನು ಒಳಗೆ ಕರೆದಂತೆ. ಹೂಕುಂಡ ಬೇಡವೆಂದದ್ದೂ ಇದಕ್ಕೇ. ಗಿಡಕ್ಕೆ ಹಾಕಿದ ನೀರು ಆವಿಯಾಗಿ ಕೋಣೆಯಲ್ಲೇ ಉಳಿಯುತ್ತದೆ, ಮಣ್ಣಿನೊಂದಿಗೆ ಹುಳವೂ ಬರುತ್ತದೆ. ಗಾಳಿ ಶುದ್ಧಿಯ ಮಟ್ಟಿಗೆ ನಾಲ್ಕು ಕುಂಡಗಳ ಕೆಲಸ ಒಂದು ತೆರೆದ ಕಿಟಕಿಯ ಮುಂದೆ ಲೆಕ್ಕಕ್ಕಿಲ್ಲ. ಗಿಡಗಳು ಹೊರಗಿರಲಿ, ಕಿಟಕಿಗೆ ನೆರಳು ಕೊಡುವಂತೆ.

ನೆನೆದ ಪುಸ್ತಕಕ್ಕೆ ಸಿಗುವ ಕಾಲ ಸುಮಾರು 48 ಗಂಟೆ. ಅಷ್ಟರೊಳಗೆ ಹಾಳೆಗಳನ್ನು ಬೀಸಣಿಗೆಯಂತೆ ಬಿಡಿಸಿ ನಿಲ್ಲಿಸಿ, ಫ್ಯಾನ್ ಗಾಳಿಗೆ ಒಣಗಿಸಬೇಕು. ಬಿಸಿಲಿಗೆ ಇಟ್ಟರೆ ಸೊಟ್ಟಗಾಗುತ್ತದೆ. ಮಿಂಚು ಕಾಗದದ ಪುಸ್ತಕ ಹಾಗೇ ಒಣಗಿದರೆ ಹಾಳೆಗಳು ಇಟ್ಟಿಗೆಯಂತೆ ಅಂಟಿಕೊಳ್ಳುತ್ತವೆ, ಕೂಡಲೇ ನೋಡಿಕೊಳ್ಳಲು ಆಗದಿದ್ದರೆ ಚೀಲಕ್ಕೆ ಹಾಕಿ ಫ್ರೀಜರ್‌ನಲ್ಲಿಡಿ.

ದುರಸ್ತಿ

ಗ್ರಂಥಾಲಯದಲ್ಲಿ ಅತಿ ಹೆಚ್ಚು ಕಾಗದ ಉಳಿಸುವ ಸಾಧನ ಒಂದು ಕುಂಚ, ಒಂದು ಬಾಟಲಿ ಗೋಂದು. ಅತಿ ಹೆಚ್ಚು ಹಾಳು ಮಾಡುವುದು ಸೆಲೋಟೇಪ್. ಅದರ ಅಂಟು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ, ಪ್ಲಾಸ್ಟಿಕ್ ಪಟ್ಟಿ ಉದುರಿ ಕಲೆ ಮಾತ್ರ ಉಳಿಯುತ್ತದೆ. ಆಮೇಲೆ ಅದನ್ನು ತೆಗೆಯುವುದು ಹರಿದದ್ದನ್ನು ಸೇರಿಸುವುದಕ್ಕಿಂತ ಕಷ್ಟ.

ಹರಿದ ಹಾಳೆಗೆ ಪಿಷ್ಟದ ಅಂಟು ಮತ್ತು ಜಪಾನಿ ಟಿಶ್ಯೂ ಬೇಕು. ಟಿಶ್ಯೂ ಎಂದರೆ ಕೋಜೊ ಗಿಡದ ಉದ್ದ ನಾರಿನಿಂದ ಮಾಡಿದ ತೆಳು ಕಾಗದ. 1 ಪಾಲು ಗೋಧಿ ಪಿಷ್ಟವನ್ನು 5 ಪಾಲು ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಸಣ್ಣ ಉರಿಯಲ್ಲಿ ಕೈಬಿಡದೆ 20 ನಿಮಿಷ ತಿರುವಿ. ಬಿಳುಪು ಹೋಗಿ ಪಾರದರ್ಶಕ ಗಂಜಿಯಂತಾದಾಗ ಇಳಿಸಿ, ಆರಿದ ಮೇಲೆ ಜರಡಿಯಲ್ಲಿ ಸೋಸಿ, ಗಟ್ಟಿ ಮಜ್ಜಿಗೆಯ ಹದಕ್ಕೆ ತೆಳು ಮಾಡಿ. ಮೈದಾ ಅಂಟು ಇದಕ್ಕೆ ಸಮವಲ್ಲ. ಮೈದಾದಲ್ಲಿರುವ ಪ್ರೋಟೀನು ಹಳದಿಯಾಗುತ್ತದೆ, ಹುಳವನ್ನು ಸೆಳೆಯುತ್ತದೆ. ಹುಳ ಬಾರದಿರಲಿ ಎಂದು ಮೈಲುತುತ್ತ ಬೆರೆಸುವ ಹಳೆಯ ಪದ್ಧತಿಯಂತೂ ಶಾಲೆಗೆ ಸಲ್ಲದು: ಅದು ವಿಷ, ಜೊತೆಗೆ ಅದರಲ್ಲಿರುವ ತಾಮ್ರ ಕಾಗದದ ಸವಕಳಿಯನ್ನು ಚುರುಕುಗೊಳಿಸುತ್ತದೆ.

ಟಿಶ್ಯೂವನ್ನು 1 ಸೆಂಟಿಮೀಟರ್ ಅಗಲದ ಪಟ್ಟಿಯಾಗಿ ಕತ್ತರಿಸದೆ, ಒದ್ದೆ ಕುಂಚದಿಂದ ಗೆರೆ ಎಳೆದು ಕೈಯಿಂದ ಹರಿಯಿರಿ. ಅಂಚಿನಲ್ಲಿ ಚಾಚುವ ನಾರುಗಳೇ ಹಿಡಿತ ಕೊಡುತ್ತವೆ. ಅಂಟು ಹಚ್ಚಿ ಕೂರಿಸಿ, ಮೇಲೆ ಕೆಳಗೆ ಮೇಣದ ಕಾಗದ ಇಟ್ಟು, ಭಾರ ಹೇರಿ ರಾತ್ರಿಯಿಡೀ ಬಿಡಿ.

ರಟ್ಟು ಸಡಿಲವಾದರೆ ಬಿಳಿ ಪಿವಿಎ ಗೋಂದು. ಹೆಣಿಗೆ ಕಡ್ಡಿಗೆ ತೆಳುವಾಗಿ ಗೋಂದು ಸವರಿ, ಬೆನ್ನು ಮತ್ತು ರಟ್ಟು ಕೂಡುವ ಕೀಲಿನ ಸಂದಿಯೊಳಗೆ ಮೇಲಿನಿಂದ ಒಮ್ಮೆ, ಕೆಳಗಿನಿಂದ ಒಮ್ಮೆ ತಿರುಗಿಸುತ್ತಾ ಇಳಿಸಿ. ರಟ್ಟಿನೊಳಗೆ ಮೇಣದ ಕಾಗದ ಇಟ್ಟು ಮುಚ್ಚಿ, ಕೀಲಿನ ಗೆರೆಯನ್ನು ಒತ್ತಿ, ಭಾರ ಹೇರಿ. ಇಲ್ಲಿ ಕೆಡುವುದು ಗೋಂದು ಹೆಚ್ಚಾದಾಗ. ಅದು ಬೆನ್ನಿನ ಟೊಳ್ಳಿಗೆ ಸುರಿದರೆ ಪುಸ್ತಕ ಪೂರ್ತಿ ತೆರೆಯುವುದಿಲ್ಲ, ಬಲವಂತವಾಗಿ ತೆರೆದವರ ಕೈಯಲ್ಲಿ ಎರಡು ಹೋಳಾಗುತ್ತದೆ.

ಬಿಸಿ ಅಂಟಿನ ಬೈಂಡಿಂಗ್ ಒಣಗಿ ಹಾಳೆಗಳೆಲ್ಲ ಬಿಡಿಯಾದರೆ ಸ್ಟೇಪ್ಲರ್ ಹೊಡೆಯಬೇಡಿ, ಒಳ ಅಂಚು ನುಂಗಿಹೋಗಿ ಪಿನ್ನಿನ ಬಳಿಯೇ ಹಾಳೆ ಹರಿಯುತ್ತದೆ. ಹಳೆ ಅಂಟನ್ನು ಕೆರೆದು, ಹಾಳೆಗಳನ್ನು ಸಮ ಮಾಡಿ, ಎರಡು ಹಲಗೆಗಳ ನಡುವೆ ಬಿಗಿಯಿರಿ. ಬೆನ್ನಿನ ಕಡೆಯ ಅಂಚನ್ನು ಒಂದು ಪಕ್ಕಕ್ಕೆ ಬಾಗಿಸಿ ಗೋಂದು ಹಚ್ಚಿ, ಇನ್ನೊಂದು ಪಕ್ಕಕ್ಕೆ ಬಾಗಿಸಿ ಮತ್ತೆ ಹಚ್ಚಿ. ಹೀಗೆ ಪ್ರತಿ ಹಾಳೆಗೂ ಸುಮಾರು 1 ಮಿಲಿಮೀಟರ್ ಅಂಟು ಸಿಕ್ಕಿ ಪಕ್ಕದ ಹಾಳೆಗೆ ಕಚ್ಚಿಕೊಳ್ಳುತ್ತದೆ. ಹೊಸ ಕಾಗದ ಅಥವಾ ರಟ್ಟು ಹಾಕುವಾಗ ಅದರ ನಾರಿನ ದಿಕ್ಕು ಬೆನ್ನಿಗೆ ಸಮಾನಾಂತರವಾಗಿರಲಿ, ಇಲ್ಲವಾದರೆ ಒಣಗಿದ ಮೇಲೆ ಹೊದಿಕೆ ಬಿಲ್ಲಿನಂತೆ ಬಾಗುತ್ತದೆ.

ಹುಳ

ನುಸಿಗುಳಿಗೆ ಬೇಡ. ಅದರಲ್ಲಿರುವ ನ್ಯಾಫ್ತಲೀನನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲಿಟ್ಟಿದ್ದಾರೆ, ಮಕ್ಕಳು ಗಂಟೆಗಟ್ಟಲೆ ಕೂರುವ ಕೋಣೆಯಲ್ಲಿ ಅದಕ್ಕೆ ಜಾಗವಿಲ್ಲ. ಹುಳ ಬಿದ್ದ ಪುಸ್ತಕವನ್ನು ಪಾಲಿಥೀನ್ ಚೀಲದಲ್ಲಿ ಗಾಳಿ ಹೊರಹಾಕಿ ಮುಚ್ಚಿ, ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವಾರ ಇಡಿ. ಮನೆಬಳಕೆಯ ಫ್ರೀಜರ್ ಅಷ್ಟು ತಣ್ಣಗಾಗದಿದ್ದರೆ ಎರಡು ವಾರ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ತಣ್ಣನೆಯ ಪುಸ್ತಕದ ಮೇಲೆ ನೀರ ಹನಿ ಕೂರುತ್ತದೆ.

ಹೊದಿಕೆ, ಹಾಳೆ, ಕಂಪ್ಯೂಟರ್

ಎಲ್ಲ ಪುಸ್ತಕಕ್ಕೂ ಪ್ಲಾಸ್ಟಿಕ್ ಹೊದಿಸುವ ವಾಡಿಕೆ ಬಿಡಿ. ಹೆಚ್ಚು ಓಡಾಡುವ ಪುಸ್ತಕಕ್ಕೆ ಮಾತ್ರ, ಅದೂ ಕಳಚಿ ಮತ್ತೆ ಬಳಸಬಹುದಾದ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಹೊದಿಕೆ ಸಾಕು. ಪಿವಿಸಿ ಕಾಲಕ್ರಮೇಣ ಅಂಟಂಟಾಗುತ್ತದೆ. ಅಂಟಿಸುವ ಲ್ಯಾಮಿನೇಷನ್ ಹಾಕಿದ ಹೊದಿಕೆಯನ್ನು ಕೊನೆಗೆ ಕಾಗದವಾಗಿ ಮರುಬಳಸಲೂ ಆಗದು.

80 ಜಿಎಸ್ಎಂನ (ಚದರ ಮೀಟರಿಗೆ 80 ಗ್ರಾಂ ತೂಗುವ) ಒಂದು ಎ4 ಹಾಳೆ 5 ಗ್ರಾಂ, 500 ಹಾಳೆಯ ಕಟ್ಟು ಎರಡೂವರೆ ಕಿಲೋ. ಪ್ರಿಂಟರ್ ತಾನಾಗಿಯೇ ಎರಡೂ ಬದಿ ಮುದ್ರಿಸುವಂತೆ ಸೆಟ್ಟಿಂಗ್ ಇರಲಿ. ಒಂದು ಬದಿ ಖಾಲಿ ಇರುವ ಹಾಳೆಯನ್ನು ಎಂಟು ತುಂಡು ಮಾಡಿದರೆ ವಾಪಸಾತಿ ದಿನಾಂಕದ ಚೀಟಿ ಸಿದ್ಧ. ಥರ್ಮಲ್ ರಸೀದಿ ಕಾಗದಕ್ಕೆ ರಾಸಾಯನಿಕ ಲೇಪವಿರುವುದರಿಂದ ಅದನ್ನು ಕಾಗದದ ಬುಟ್ಟಿಗೆ ಹಾಕಬಾರದು. ಕಂಪ್ಯೂಟರಿನ ಸ್ಕ್ರೀನ್‌ಸೇವರ್ ಏನನ್ನೂ ಉಳಿಸುವುದಿಲ್ಲ, ಹತ್ತು ನಿಮಿಷಕ್ಕೆ ಸ್ಲೀಪ್ ಇಡಿ, ಸಂಜೆ ಪ್ಲಗ್ಗಿನಿಂದಲೇ ಆರಿಸಿ.

ಕೊಳ್ಳುವುದು, ತೆಗೆಯುವುದು

ಭಾರತದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಕೊಟ್ಟ ಗ್ರಂಥಾಲಯದ ಐದು ಸೂತ್ರಗಳಲ್ಲಿ ಮೂರನೆಯದು ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕೆನ್ನುತ್ತದೆ. ಯಾರೂ ಮುಟ್ಟದ ಪುಸ್ತಕ ಸುಮ್ಮನೆ ಖರ್ಚಾದ ಕಾಗದ. ಆದ್ದರಿಂದ ಕೊಳ್ಳುವ ಮೊದಲು ಮಕ್ಕಳ ಬೇಡಿಕೆ ಪಟ್ಟಿ ನೋಡಿ, ಪಕ್ಕದ ಶಾಲೆಯೊಂದಿಗೆ ವಿನಿಮಯ ಸಾಧ್ಯವೇ ಕೇಳಿ. ಹೆಚ್ಚು ಓಡಾಡಲಿರುವ ಪುಸ್ತಕಕ್ಕೆ ಹೊಲಿಗೆ ಬೈಂಡಿಂಗ್‌ನ ಪ್ರತಿ ಆರಿಸಿ. ಬೆನ್ನನ್ನು ಮೇಲಿನಿಂದ ನೋಡಿದರೆ ಹೊಲಿದದ್ದರಲ್ಲಿ ಮಡಿಕೆಗಳ ಸಣ್ಣ ಕಟ್ಟುಗಳು ಕಾಣುತ್ತವೆ, ಅಂಟಿಸಿದ್ದರಲ್ಲಿ ಬಿಡಿ ಹಾಳೆಗಳ ಸಪಾಟಾದ ಗೆರೆ.

ಐದು ವರ್ಷ ಕಪಾಟಿನಿಂದ ಇಳಿಯದ ಪುಸ್ತಕವನ್ನು ಮೊದಲು ಮುಖಪುಟ ಕಾಣುವಂತೆ ಒಂದು ತಿಂಗಳು ಪ್ರದರ್ಶನಕ್ಕಿಡಿ, ಎಷ್ಟೋ ಪುಸ್ತಕಗಳಿಗೆ ಅಲ್ಲೇ ಓದುಗ ಸಿಗುತ್ತಾನೆ. ಮಾಹಿತಿ ತಪ್ಪಾದದ್ದು, ಬೂಷ್ಟು ಹಿಡಿದದ್ದು ಮಾತ್ರ ಹೊರಗೆ ಹೋಗಲಿ. ತಪ್ಪು ಮಾಹಿತಿಯ ಪುಸ್ತಕವನ್ನು ಬೇರೆ ಶಾಲೆಗೆ ದಾನ ಮಾಡುವುದು ನಮ್ಮ ಕಸವನ್ನು ಅವರ ಕಪಾಟಿಗೆ ಸಾಗಿಸಿದಂತೆ.

ಮರುಬಳಕೆಗೆ ಕಳಿಸುವಾಗ ರಟ್ಟು, ಪ್ಲಾಸ್ಟಿಕ್, ಸುರುಳಿ ತಂತಿ ಬೇರ್ಪಡಿಸಿ. ಬೆನ್ನಿನ ಅಂಟು ಗಿರಣಿಯಲ್ಲಿ ಸೋಸಿಹೋಗುತ್ತದೆ, ಅದಕ್ಕೆ ಚಿಂತೆ ಬೇಡ. ಹಾಳೆಗಳನ್ನು ಚೂರು ಮಾಡಬೇಡಿ: ಕಾಗದದ ನಾರು ಐದರಿಂದ ಏಳು ಸಲ ಮಾತ್ರ ಮರುಜನ್ಮ ತಾಳಬಲ್ಲದು, ಚೂರು ಮಾಡಿದರೆ ನಾರು ಮೊದಲೇ ಗಿಡ್ಡವಾಗುತ್ತದೆ. ಬೂಷ್ಟು ಹಿಡಿಯದ ರಟ್ಟುಗಳನ್ನು ಅಳತೆವಾರು ಜೋಡಿಸಿ ದುರಸ್ತಿ ಪೆಟ್ಟಿಗೆಯಲ್ಲಿಡಿ, ಮುಂದಿನ ಹರಿದ ಪುಸ್ತಕಕ್ಕೆ ಹೊಸ ರಟ್ಟು ಕೊಳ್ಳಬೇಕಿಲ್ಲ.