ಕಬ್ಬಿಣ ಒಯ್ಯಿರಿ, ಮರ ಬಿಟ್ಟುಹೋಗಿ

ಮರ ಉಜ್ಜಿ ನಯಮಾಡುವ ನನ್ನ ತಂದೆಯ ಹತ್ತರಿ ಹದಿನಾರು ಅಂಗುಲ ಉದ್ದದ್ದು. ಮೈ ಹೊನ್ನೆ ಮರದ್ದು. ಬಾಯಿಯ ಬಳಿ ಬೀಟೆಯ ಸಣ್ಣ ತುಂಡೊಂದನ್ನು ಕೂರಿಸಿ ತೇಪೆ ಹಾಕಿದ್ದರು. ವರ್ಷಗಟ್ಟಲೆ ಮರ ಉಜ್ಜಿದ ಮೇಲೆ ಹತ್ತರಿಯ ಅಡಿ ಸವೆಯುತ್ತದೆ. ಅದನ್ನು ಮತ್ತೆ ಮಟ್ಟ ಮಾಡಿದಷ್ಟೂ ಅಲಗು ಹೊರಬರುವ ಬಾಯಿ ಅಗಲವಾಗುತ್ತದೆ. ಬಾಯಿ ಅಗಲವಾದರೆ ಎದುರು ನಾರಿನ ಮರ ನಯವಾಗುವ ಬದಲು ಕಿತ್ತುಬರುತ್ತದೆ. ಆ ತೇಪೆ ಅದಕ್ಕಾಗಿ. ನಾನು ಹುಟ್ಟುವ ಮೊದಲೇ ಹಾಕಿದ್ದ ತೇಪೆ ಅದು, ಒಂದು ದಿನವೂ ಸಡಿಲವಾಗಿರಲಿಲ್ಲ.

ಸಾಗರದ ಕಾರ್ಯಾಗಾರ ಮುಚ್ಚಿ ಮೈಸೂರಿಗೆ ಹೊರಟಾಗ ಈ ಹತ್ತರಿಯ ಮುಂದೆ ನಾನು ಎಷ್ಟು ಸಂಜೆ ಕೂತಿದ್ದೆನೋ ಲೆಕ್ಕವಿಲ್ಲ. ಉಳಿದದ್ದೆಲ್ಲ ಒಂದು ವಾರದಲ್ಲಿ ತೀರ್ಮಾನವಾಯಿತು, ಇದೊಂದು ಎರಡು ತಿಂಗಳು ತೆಗೆದುಕೊಂಡಿತು. ಆಮೇಲೆ ಊರು ಬಿಡುವ ಅನೇಕ ಬಡಗಿಗಳು, ಹವ್ಯಾಸಕ್ಕೆ ಮರಗೆಲಸ ಮಾಡುವವರು, ಗಂಡ ತೀರಿಕೊಂಡ ಮೇಲೆ ಮಗಳ ಮನೆಗೆ ಹೊರಟ ಒಬ್ಬ ತಾಯಿ, ಹೀಗೆ ಹಲವರು ನನ್ನನ್ನು ಕರೆದು ತಮ್ಮ ಪೆಟ್ಟಿಗೆ ತೆರೆದು ತೋರಿಸಿದ್ದಾರೆ. ಎಲ್ಲರದೂ ಒಂದೇ ಪ್ರಶ್ನೆ: ಯಾವುದನ್ನು ಒಯ್ಯಲಿ, ಯಾವುದನ್ನು ಬಿಡಲಿ?

ಬಹಳ ಜನ ಬೆಲೆ ನೋಡಿ ವಿಂಗಡಿಸುತ್ತಾರೆ. ದುಬಾರಿಯದ್ದು ಗಾಡಿಗೆ, ಅಗ್ಗದ್ದು ಗುಜರಿಗೆ. ಇನ್ನು ಕೆಲವರು ನೆನಪನ್ನು ನೋಡುತ್ತಾರೆ. ಅಪ್ಪನದು, ಗುರುಗಳದು, ಮೊದಲ ಸಂಬಳದ್ದು ಎಲ್ಲವೂ ಗಾಡಿಗೆ. ಎರಡೂ ದಾರಿಯಲ್ಲಿ ತಪ್ಪಾದದ್ದನ್ನು ನಾನು ಕಂಡಿದ್ದೇನೆ. ಉಪಕರಣ ಎಂದು ನಾವು ಒಂದೇ ಹೆಸರಿನಿಂದ ಕರೆಯುವ ವಸ್ತುವಿನಲ್ಲಿ ಎರಡು ಮೂರು ಬೇರೆ ಬೇರೆ ವಸ್ತುಗಳಿರುತ್ತವೆ. ಮೊದಲು ಅವನ್ನು ಬಿಡಿಸಿ ನೋಡಬೇಕು.

ಹತ್ತರಿಯನ್ನೇ ತೆಗೆದುಕೊಳ್ಳಿ. ಅದರಲ್ಲಿರುವುದು ಒಂದು ಅಲಗು, ಒಂದು ಬೆಣೆ, ಒಂದು ಮರದ ಮೈ. ಅಲಗು ಉಕ್ಕು. ಅಂಗೈಯಲ್ಲಿ ಹಿಡಿಸುತ್ತದೆ, ತೂಕ ಕಾಲು ಕಿಲೋ ಆಸುಪಾಸು, ಯಾವ ಊರಿಗೆ ಒಯ್ದರೂ ಹಾಗೇ ಇರುತ್ತದೆ. ಮೈ ಹಾಗಲ್ಲ, ಅದು ಊರಿನದು. ಮಲೆನಾಡಿನ ಮಳೆಗಾಲದ ಗಾಳಿಯಲ್ಲಿ ಹದವಾದ ಮರವನ್ನು ಒಣ ಸೀಮೆಗೆ ಒಯ್ದರೆ ಅದು ಕುಗ್ಗುತ್ತದೆ, ತಿರುಚಿಕೊಳ್ಳುತ್ತದೆ. ಸಾಗರದಲ್ಲಿ ಕನ್ನಡಿಯಂತೆ ಮಟ್ಟವಾಗಿದ್ದ ಅಡಿ ಬಳ್ಳಾರಿಯ ಒಂದು ಬೇಸಿಗೆಯಲ್ಲಿ ಮೂಲೆಗೆ ಮೂಲೆ ಓಲಾಡುತ್ತದೆ. ಸುತ್ತಿಗೆಯ ಕಾವೂ, ಅಂದರೆ ಮರದ ಹಿಡಿಯೂ, ಹೀಗೆಯೇ. ಕಾವು ಕುಗ್ಗಿ ತಲೆ ಅಲುಗಾಡತೊಡಗುತ್ತದೆ. ಆಗ ಹಲವರು ಸುತ್ತಿಗೆಯನ್ನು ರಾತ್ರಿಯಿಡೀ ನೀರಿನ ಬಕೆಟ್ಟಿನಲ್ಲಿ ಇಡುತ್ತಾರೆ. ಬೆಳಿಗ್ಗೆ ಬಿಗಿಯಾದಂತೆ ಕಾಣುತ್ತದೆ. ಉಬ್ಬಿದ ನಾರು ಕಬ್ಬಿಣಕ್ಕೆ ಒತ್ತಿ ಜಜ್ಜಿಹೋಗಿರುತ್ತದೆ, ಒಣಗಿದ ಮೇಲೆ ಮೊದಲಿಗಿಂತ ಸಡಿಲವಾಗುತ್ತದೆ. ಹೊಸ ಕಾವು ಕೂರಿಸಿ ಬೆಣೆ ಹೊಡೆಯುವುದೇ ಸರಿ.

ಮೈಯೊಳಗೆ ಇನ್ನೊಂದು ಸಂಗತಿಯಿದೆ. ಸಾಮಾನ್ಯವಾಗಿ ಹತ್ತರಿಯ ಅಲಗು 45 ಡಿಗ್ರಿ ಓರೆಯಲ್ಲಿ ಕೂರುತ್ತದೆ. ನನ್ನ ತಂದೆಯದು ಅದಕ್ಕಿಂತ ನೆಟ್ಟಗೆ, 50 ಡಿಗ್ರಿಯ ಆಚೆಗಿತ್ತು. ಅವರು ಜೀವನವಿಡೀ ಉಜ್ಜಿದ್ದು ಮತ್ತಿ, ಬೀಟೆ, ಹೊನ್ನೆಗಳನ್ನು. ನಾರು ಹೆಣೆದುಕೊಂಡಿರುವ ಗಟ್ಟಿ ಮರಕ್ಕೆ ನೆಟ್ಟಗಿನ ಅಲಗೇ ಬೇಕು, ಇಲ್ಲದಿದ್ದರೆ ಚಕ್ಕೆ ಏಳುತ್ತದೆ. ಮೈಸೂರಿನಲ್ಲಿ ನಾನು ಮಾಡಬೇಕಾಗಿದ್ದ ಕೆಲಸ ಬೇರೆ. ಪೈನ್, ರಬ್ಬರ್ ಮರ, ಹಳೆಯ ತೇಗದ ಬಾಗಿಲುಗಳ ದುರಸ್ತಿ. ಮೆತ್ತಗಿನ ಮರಕ್ಕೆ ಆ ಹತ್ತರಿ ತಳ್ಳಿದರೆ ತೋಳು ನೋಯುವುದೇ ಬಂತು, ಹೊಳಪು ಬರುವುದಿಲ್ಲ. ಅಂದರೆ ಆ ಮೈ ತಂದೆಯ ಕೈಗೆ ಎಷ್ಟು ಹೊಂದಿತ್ತೋ ಸಾಗರದ ಸುತ್ತಲಿನ ಕಾಡಿಗೂ ಅಷ್ಟೇ ಹೊಂದಿತ್ತು. ಮೈಸೂರಿಗೆ ತಂದಿದ್ದರೆ ಅದು ಷೋಕೇಸಿನಲ್ಲಿ ಕೂರುತ್ತಿತ್ತು. ಕೆಲಸ ಬಲ್ಲ ಹತ್ತರಿಯನ್ನು ಗಾಜಿನ ಹಿಂದೆ ಇಡುವ ಧೈರ್ಯ ನನಗಿರಲಿಲ್ಲ.

ಹಾಗಾಗಿ ನಾನು ಬೆಣೆ ಸಡಿಲಿಸಿ ಅಲಗನ್ನು ಹೊರತೆಗೆದೆ. ಅಲಗು ನನ್ನ ಜೊತೆ ಬಂತು, ಮೈ ಸಾಗರದಲ್ಲಿ ಉಳಿಯಿತು. ಮೈಸೂರಿನಲ್ಲಿ ಒಂದು ಮಳೆಗಾಲ, ಒಂದು ಬೇಸಿಗೆ ಕಂಡ ತುಂಡನ್ನು ಆರಿಸಿ 45 ಡಿಗ್ರಿಗೆ ಬಾಯಿ ಕೊರೆದು ಅದೇ ಅಲಗಿಗೆ ಹೊಸ ಮೈ ಕಟ್ಟಿದೆ. ನನ್ನ ಬಳಿ ಬಂದವರಿಗೆಲ್ಲ ಮೊದಲು ಹೇಳುವುದು ಇದನ್ನೇ. ಉಳಿಗಳ ಹಿಡಿ ಬಿಚ್ಚಿ ಉಕ್ಕನ್ನಷ್ಟೇ ಒಯ್ಯಿರಿ, ಬೈರಿಗೆಯ ಮೊನೆಗಳನ್ನು ಒಯ್ಯಿರಿ, ಕುರ್ಚಿ ಕಾಲಿನ ಫರ್ಮಾಗಳನ್ನು ದಪ್ಪ ಕಾಗದದ ಮೇಲಿಟ್ಟು ಗೀಟು ಹಾಕಿಕೊಂಡು ಕಾಗದವನ್ನು ಒಯ್ಯಿರಿ. ನಾಲ್ಕು ಪೆಟ್ಟಿಗೆಯ ಸಾಮಾನು ಒಂದು ಚೀಲಕ್ಕಿಳಿಯುತ್ತದೆ. ಮೂಲೆಮಟ್ಟ ಮಾತ್ರ ಇಡಿಯಾಗಿ ಒಯ್ಯಬೇಕು. ಹೊಸ ಊರಿನಲ್ಲಿ ನಂಬಲು ಒಂದು ಲಂಬಕೋನವಾದರೂ ನಿಮ್ಮದೇ ಇರಲಿ. ಹೊರಡುವ ಮುನ್ನ ಅದನ್ನು ಪರೀಕ್ಷಿಸಿ. ನೇರ ಅಂಚಿನ ಹಲಗೆಗೆ ಮಟ್ಟವನ್ನು ಒತ್ತಿ ಹಿಡಿದು ಗೀಟು ಹಾಕಿ, ಮಟ್ಟವನ್ನು ಮಗುಚಿ ಅದೇ ಜಾಗದಿಂದ ಮತ್ತೊಂದು ಗೀಟು ಹಾಕಿ. ಎರಡು ಗೀಟು ಒಂದರ ಮೇಲೊಂದು ಬಿದ್ದರೆ ಮಟ್ಟ ಸರಿ. ಬೇರೆಯಾದರೆ ಅವುಗಳ ನಡುವಿನ ಅಂತರ ನಿಜವಾದ ತಪ್ಪಿನ ಎರಡರಷ್ಟು.

ಸಾಣೆಕಲ್ಲಿನ ಬಗ್ಗೆ ನನ್ನ ಅಭಿಪ್ರಾಯ ಕಟ್ಟುನಿಟ್ಟು. ಯಾವ ಬೆಲೆಯದ್ದಾದರೂ ಜೊತೆಗಿರಬೇಕು. ಕೈಗೆ ಪಳಗಿದ ಕಲ್ಲಿನ ಮೇಲೆ ಯಾವ ಉಕ್ಕನ್ನೂ ಹರಿತಗೊಳಿಸಬಹುದು. ಕೆಟ್ಟ ಕಲ್ಲಿದ್ದರೆ ಎಂಥ ಉಳಿಯೂ ಮೊಂಡು.

ಬಿಟ್ಟುಹೋಗುವುದು ಮತ್ತು ಮುಚ್ಚಿಟ್ಟುಹೋಗುವುದು ಬೇರೆ ಬೇರೆ. ಹೊನ್ನಾವರದ ಕಡೆಯ ಒಬ್ಬ ಬಡಗಿ ಕೊಲ್ಲಿ ದೇಶಕ್ಕೆ ಹೋಗುವಾಗ ಹದಿನಾಲ್ಕು ಉಳಿಗಳನ್ನು ಪತ್ರಿಕೆಯ ಹಾಳೆಯಲ್ಲಿ ಸುತ್ತಿ, ಟ್ರಂಕಿನಲ್ಲಿ ಮರದ ಪುಡಿ ತುಂಬಿ, ಅಟ್ಟದ ಮೇಲೆ ಇಟ್ಟು ಹೋಗಿದ್ದ. ಅಲ್ಲಿ ಅವನಿಗೆ ಸಿಕ್ಕಿದ್ದು ಕಾಂಕ್ರೀಟಿಗೆ ಹಲಗೆ ಹೊಡೆಯುವ ಕೆಲಸ, ಉಪಕರಣ ಕಂಪನಿಯದೇ. ಏಳು ವರ್ಷದ ಮೇಲೆ ಟ್ರಂಕು ತೆರೆಯುವಾಗ ನನ್ನನ್ನೂ ಕರೆದ. ಕಾಗದ, ಮರದ ಪುಡಿ ಎರಡೂ ಗಾಳಿಯ ತೇವವನ್ನು ಹೀರಿ ಉಕ್ಕಿಗೆ ಒತ್ತಿ ಹಿಡಿದಿದ್ದವು. ಮೇಲ್ಮೈ ತುಕ್ಕಾದರೆ ಉಜ್ಜಿ ತೆಗೆಯಬಹುದು. ಇಲ್ಲಿ ಉಳಿಗಳ ಬೆನ್ನಿನ ಮೇಲೆ, ಮಟ್ಟವಾಗಿರಬೇಕಾದ ಆ ಬದಿಯಲ್ಲಿ, ಸೂಜಿ ಚುಚ್ಚಿದಂಥ ಗುಳಿಗಳು ಬಿದ್ದಿದ್ದವು. ಉಳಿಯ ಬಾಯಿ ಎಂದರೆ ಎರಡು ಮುಖಗಳು ಕೂಡುವ ಗೆರೆ. ಸಾಣೆ ಹಿಡಿಯುತ್ತಾ ಹೋದಂತೆ ಆ ಗೆರೆ ಯಾವುದೋ ಒಂದು ಗುಳಿಗೆ ಬಂದು ಮುಟ್ಟುತ್ತದೆ, ಅಲ್ಲಿ ಬಾಯಿ ಮುಕ್ಕಾಗುತ್ತದೆ. ಹದಿನಾಲ್ಕರಲ್ಲಿ ಮೂರನ್ನು ಉಳಿಸಿಕೊಂಡೆವು. ಅವನು ಮಾತೇ ಆಡಲಿಲ್ಲ. ಅವನ ತಮ್ಮ ಅದೇ ಊರಿನಲ್ಲಿ ಅಷ್ಟೂ ವರ್ಷ ಕಡ ತಂದ ಉಳಿಗಳಲ್ಲಿ ಕೆಲಸ ಮಾಡುತ್ತಿದ್ದ.

ಇಡಲೇಬೇಕಾದ ಅನಿವಾರ್ಯವಿದ್ದರೆ ಉಕ್ಕನ್ನು ಬರಿಗೈಯಲ್ಲಿ ಮುಟ್ಟದೆ ಒರೆಸಿ, ತೆಳು ಮೆಷಿನ್ ಎಣ್ಣೆ ಸವರಿ, ಎಣ್ಣೆ ಹಚ್ಚಿದ ಹತ್ತಿ ಬಟ್ಟೆಯಲ್ಲಿ ಸುತ್ತಿ. ಬೆವರಿನ ಉಪ್ಪೇ ಮೊದಲ ತುಕ್ಕು. ಚರ್ಮದ ಒರೆಯಲ್ಲಿ ಇಡಬೇಡಿ, ಚರ್ಮ ಹದಮಾಡಿದ ಉಪ್ಪು, ಆಮ್ಲಗಳು ಉಕ್ಕನ್ನು ತಿನ್ನುತ್ತವೆ. ಕಾವುಗಳಿಗೆ ಹಚ್ಚಿದ ಅಗಸೆ ಎಣ್ಣೆಯ ಬಟ್ಟೆಯನ್ನು ಯಾವ ಕಾರಣಕ್ಕೂ ಮುದ್ದೆಮಾಡಿ ಪೆಟ್ಟಿಗೆಗೆ ಹಾಕಬಾರದು. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಗಾಳಿಯಾಡದ ಕಡೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಲ್ಲದು. ಬಟ್ಟೆಯನ್ನು ಹೊರಗೆ ಹರವಿ ಒಣಗಿಸಿ ಎಸೆಯಿರಿ.

ಯಂತ್ರಗಳ ವಿಷಯಕ್ಕೆ ಹೆಚ್ಚು ಮರುಗಬೇಡಿ. ಕೊಳ್ಳುವವರ ಎದುರು ಮರ ಕೊಯ್ದು ತೋರಿಸುವಂತಿರುವಾಗಲೇ, ವಿದ್ಯುತ್ ಸಂಪರ್ಕ ಕಡಿಸುವ ಮೊದಲೇ ಮಾರಿಬಿಡಿ. ಓಡುವ ಮೋಟರಿನ ಸದ್ದು ಕೇಳಿ ಕೊಡುವ ಬೆಲೆ ನಿಂತ ಮೋಟರಿಗೆ ಬರುವುದಿಲ್ಲ. ಹೊಸ ಜಾಗದಲ್ಲಿ ಮೂರು ಫೇಸ್ ವಿದ್ಯುತ್ತು ಸಿಗುವುದೇ ಎಂದು ತಿಳಿಯದೆ ಎರಕದ ಕಬ್ಬಿಣದ ಯಂತ್ರವನ್ನು ಲಾರಿಗೇರಿಸಿದವರು ಅದನ್ನು ಅಲ್ಲಿ ಅರ್ಧ ಬೆಲೆಗೆ ಮಾರಿದ್ದನ್ನು ನೋಡಿದ್ದೇನೆ.

ದೇಶವನ್ನೇ ಬಿಡುವವರಿಗೆ ಲೆಕ್ಕ ಸ್ವಲ್ಪ ಬೇರೆ. ಅಮೆರಿಕದಲ್ಲಿ ಮನೆಯ ವಿದ್ಯುತ್ತು 120 ವೋಲ್ಟ್, 60 ಹರ್ಟ್ಸ್. ನಮ್ಮ 230 ವೋಲ್ಟಿನ ಯಂತ್ರಗಳನ್ನು ಇಲ್ಲೇ ಬಿಡುವುದು ಲೇಸು. ಆಸ್ಟ್ರೇಲಿಯಾದಲ್ಲಿ ವೋಲ್ಟೇಜು ಹೊಂದುತ್ತದೆ, ಆದರೆ ಗುದ್ದಲಿಗೆ ಮಣ್ಣು, ಹಿಡಿಗೆ ತೊಗಟೆ ಅಂಟಿದ್ದರೆ ಗಡಿಯಲ್ಲಿ ತಡೆಯುತ್ತಾರೆ. ಡ್ರಿಲ್ಲಿನ ಬಿಡಿ ಬ್ಯಾಟರಿಯನ್ನು ವಿಮಾನದಲ್ಲಿ ಕೈಚೀಲದಲ್ಲೇ ಒಯ್ಯಬೇಕು, ಚೆಕ್-ಇನ್ ಸಾಮಾನಿಗೆ ಹಾಕುವಂತಿಲ್ಲ. 100 ವಾಟ್-ಗಂಟೆಯವರೆಗಿನದ್ದಕ್ಕೆ ವಿಶೇಷ ಅನುಮತಿ ಬೇಡ. 18 ವೋಲ್ಟಿನ 5 ಆಂಪಿಯರ್-ಗಂಟೆ ಬ್ಯಾಟರಿ 90 ಆಗುತ್ತದೆ, 6ರದ್ದು 108 ಆಗಿ ಗೆರೆ ದಾಟುತ್ತದೆ. ಉಳಿ, ಗರಗಸಗಳು ಇದಕ್ಕೆ ವಿರುದ್ಧ, ಚೆಕ್-ಇನ್ ಸಾಮಾನಿನಲ್ಲೇ ಹೋಗಬೇಕು. ಹಡಗಿಗೆ ಹಾಕುವ ಘನ ಮರದ ಪೆಟ್ಟಿಗೆಯಾದರೆ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾದಿರಬೇಕು, ಅದರ ಮುದ್ರೆಯಿರಬೇಕು. ಪ್ಲೈವುಡ್ ಪೆಟ್ಟಿಗೆಗೆ ಈ ತೊಡಕಿಲ್ಲ. ಬೀಟೆಯ ಹಿಡಿಗಳಿದ್ದರೆ ಜಾಗ್ರತೆ. ಆ ಮರ 2017ರಿಂದ ಸೈಟಿಸ್, ಅಂದರೆ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ಮಾಡಿ ಮುಗಿದ ವಸ್ತುಗಳಿಗೆ ಸ್ವಲ್ಪ ರಿಯಾಯಿತಿಯಿದೆ, ಮುಂದೆಂದಾದರೂ ಬೇಕಾದೀತೆಂದು ಇಟ್ಟುಕೊಂಡ ಬಿಡಿ ತುಂಡುಗಳಿಗಿಲ್ಲ. ಉಕ್ಕನ್ನಷ್ಟೇ ಒಯ್ಯುವವರಿಗೆ ಈ ಮರದ ಚಿಂತೆಗಳೇ ಇಲ್ಲ.

ಇನ್ನು ಉಳಿದದ್ದನ್ನು ಯಾರಿಗೆ ಕೊಡುವುದು? ಗುಜರಿಯವನು ಕಿಲೋ ಲೆಕ್ಕ ಹಾಕುತ್ತಾನೆ, ಅವನ ತಕ್ಕಡಿಗೆ ಹದವಾದ ಉಳಿಯೂ ಮುರಿದ ಕಿಟಕಿ ಸರಳೂ ಒಂದೇ. ಸಂಗ್ರಹಕ್ಕೆ ಕೊಳ್ಳುವವರು ಹೆಚ್ಚು ಹಣ ಕೊಡುತ್ತಾರೆ, ನಾನು ಅವರಿಗೆ ಕೊಡಲಾರೆ. ನಾಳೆ ಬೆಳಿಗ್ಗೆ ಅದರಿಂದ ಕೆಲಸ ಮಾಡಬೇಕಾದವರಿಗೆ ಕೊಡಿ. ಪೆಟ್ಟಿಗೆಯನ್ನು ಒಟ್ಟಿಗೆ ಎತ್ತಿಕೊಡಬೇಡಿ, ಒಂದೊಂದನ್ನೂ ಅದು ಬೇಕಾದವನಿಗೇ ಕೊಡಿ. ಹರಿತ ಮಾಡಿಯೇ ಕೊಡಿ. ಮೊಂಡು ಉಳಿಯನ್ನು ಪಡೆದ ಹುಡುಗ ಅದನ್ನು ತಿರುಪು ಬಿಚ್ಚಲು, ಬಣ್ಣದ ಡಬ್ಬಿ ತೆರೆಯಲು ಬಳಸುತ್ತಾನೆ. ಹರಿತವಾದದ್ದನ್ನು ಪಡೆದವನು ಮೊದಲ ದಿನವೇ ಮರದ ಮೇಲಿಟ್ಟು ನೋಡುತ್ತಾನೆ. ತೀರಿಕೊಂಡ ಗಂಡನ ಗರಗಸಗಳನ್ನು ಕೊಡಲು ಮನಸ್ಸು ಬಾರದೆ ಕೂತಿದ್ದ ಆ ತಾಯಿಗೆ ನಾನು ಅವುಗಳ ಹಲ್ಲು ತಿದ್ದಿಕೊಟ್ಟೆ, ಅಷ್ಟೇ ಮಾಡಿದ್ದು. ಪಕ್ಕದ ಬೀದಿಯ ಹುಡುಗ ಅಂಗಳದಲ್ಲಿ ಒಂದು ಹಲಗೆ ಕೊಯ್ದು ತೋರಿಸಿದ. ಆಕೆ ಕಣ್ಣೊರೆಸಿಕೊಂಡು, ಇದು ಅವರ ಗರಗಸದ ಸದ್ದೇ ಎಂದು ಹೇಳಿ ತಾವಾಗಿಯೇ ಅವನಿಗೆ ಕೊಟ್ಟರು.

ಆಯುಧಪೂಜೆ ಮಾಡಿಸಿಕೊಂಡ ವಸ್ತುವನ್ನು ಕೊನೆಯದೊಂದು ಪೂಜೆಯಿಲ್ಲದೆ ಮನೆಯಿಂದ ಹೊರಗೆ ಕಳಿಸಬಾರದೆಂದು ನನ್ನ ಅಮ್ಮ ಹಟ ಹಿಡಿದಿದ್ದರು. ಹಾಗಾಗಿ ಮಹಾನವಮಿಯವರೆಗೆ ಕಾದೆ. ಅಂದು ಎಲ್ಲ ಉಪಕರಣಗಳಿಗೂ ಕುಂಕುಮವಿಟ್ಟು, ಮಂಗಳಾರತಿ ಆದ ಮೇಲೆ ನನ್ನ ಬಳಿ ಒಂಬತ್ತು ವರ್ಷ ಕೆಲಸ ಮಾಡಿದ್ದ ಹುಡುಗನನ್ನು ಕರೆದೆ. ಹರಿತದ ವಸ್ತುವನ್ನು ಕೈಯಿಂದ ಕೈಗೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಅಲಗಿಲ್ಲದ ಬರಿಯ ಮೈಯಾದರೂ ಬೆಂಚಿನ ಮೇಲಿಟ್ಟು ಹಿಂದೆ ಸರಿದು ನಿಂತೆ. ಅವನು ಒಂದು ರೂಪಾಯಿ ನಾಣ್ಯವನ್ನು ಅಮ್ಮನ ತಟ್ಟೆಗೆ ಹಾಕಿ ಹತ್ತರಿಯನ್ನು ಎತ್ತಿಕೊಂಡ. ಅಮ್ಮ ಬೇಡವೆನ್ನಲಿಲ್ಲ.

ಕಳೆದ ವರ್ಷ ಸಾಗರಕ್ಕೆ ಹೋದಾಗ ಅವನ ಕಾರ್ಯಾಗಾರಕ್ಕೆ ಹೊಕ್ಕೆ. ಹತ್ತರಿ ಬೆಂಚಿನ ಮೇಲೆ ಪುಡಿಯ ನಡುವೆ ಬಿದ್ದಿತ್ತು, ಅದರೊಳಗೆ ಅವನೇ ಕೂರಿಸಿದ ಹೊಸ ಅಲಗು. ಮಗುಚಿ ನೋಡಿದರೆ ಬಾಯಿಯ ಬಳಿ ತಂದೆಯ ಬೀಟೆಯ ತೇಪೆ ಇರಲಿಲ್ಲ, ಅದರ ಜಾಗದಲ್ಲಿ ಬೇರೆ ಬಣ್ಣದ ತುಂಡಿತ್ತು. ಅವನು ಅಳುಕುತ್ತಲೇ ಹೇಳಿದ: "ಆಚಾರ್ರೇ, ಈಗ ಇಲ್ಲಿ ಮತ್ತಿ ಎಲ್ಲಿ ಬರುತ್ತದೆ? ಅಕೇಶಿಯಾವೇ ಜಾಸ್ತಿ. ಬಾಯಿ ಸ್ವಲ್ಪ ಬದಲಾಯಿಸಿದೆ."

ತೇಪೆಯ ಅಂಚಿನ ಮೇಲೆ ಉಗುರು ಆಡಿಸಿದೆ. ಎಲ್ಲಿಯೂ ತಡೆಯಲಿಲ್ಲ.