ಸಮುದಾಯ ಭವನಕ್ಕೆ ರ‍್ಯಾಂಪ್: ಮಲೆನಾಡಿನ ಲೆಕ್ಕ

ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವ ಗೆಳೆಯರಿಗೆ ಈ ಟಿಪ್ಪಣಿ. ಮೂಡಿಗೆರೆ, ಕೊಪ್ಪದ ಕಡೆ ಧರೆ (ಗುಡ್ಡದ ಇಳಿಜಾರು) ಕಡಿದು ಕಟ್ಟಿದ ಒಂದು ಸಮುದಾಯ ಭವನವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮಳೆ ಜಾಸ್ತಿ, ಹಾಗಾಗಿ ಅಡಿಪಾಯ ಎತ್ತರ, ಮುಂದೆ ಐದು ಮೆಟ್ಟಿಲು. ವೀಲ್‌ಚೇರಿನಲ್ಲಿ ಬರುವವರಿಗೆ ಮೆಟ್ಟಿಲ ಬದಲು ಇಳಿಜಾರು ದಾರಿ, ಅಂದರೆ ರ‍್ಯಾಂಪ್ ಬೇಕು.

ರ‍್ಯಾಂಪಿನ ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು. ಅಂದರೆ ಒಂದಡಿ ಎತ್ತರಕ್ಕೆ 12 ಅಡಿ ಉದ್ದ. ಆರಿಂಚಿನ ಐದು ಮೆಟ್ಟಿಲೆಂದರೆ ಎರಡೂವರೆ ಅಡಿ, ಅದಕ್ಕೆ ರ‍್ಯಾಂಪ್ 30 ಅಡಿ. ಅಷ್ಟು ಜಾಗ ಎಲ್ಲಿದೆ ಅಂತ ಹತ್ತೇ ಅಡಿಯಲ್ಲಿ ಮುಗಿಸಿದರೆ ಅದು 1:4 ಆಯಿತು. ಅದರ ಮೇಲೆ ಸ್ಕೂಟರ್ ಹತ್ತಿಸಬಹುದು, ಗ್ಯಾಸ್ ಸಿಲಿಂಡರ್ ಉರುಳಿಸಬಹುದು. ವೀಲ್‌ಚೇರಿನಲ್ಲಿ ಕೂತವರು ಹೋದರೆ ಮುಂದಿನ ಗಾಲಿ ಮೇಲೆದ್ದು ಹಿಂದಕ್ಕೆ ಮಗುಚುವ ಭಯ.

ಹಾಗಾದರೆ ಏನು ಮಾಡೋದು? ಮುಂಬಾಗಿಲನ್ನು ಬಿಟ್ಟು ಕಟ್ಟಡದ ಸುತ್ತ ಒಂದು ಸುತ್ತು ಬನ್ನಿ. ಮುಂದೆ ಐದು ಮೆಟ್ಟಿಲಿದ್ದರೂ ಧರೆಯ ಕಡೆ ಹೊರಗಿನ ನೆಲವೂ ಒಳಗಿನ ನೆಲವೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಸಿಗಬಹುದು. ಅಲ್ಲಿ 900 ಮಿ.ಮೀ. ಅಗಲದ ಬಾಗಿಲು, ಕಾರು ಬರುವಷ್ಟು ದಾರಿ ಮಾಡಿದರೆ ರ‍್ಯಾಂಪೇ ಬೇಡ. ಧರೆ ಪಕ್ಕದ ಚರಂಡಿಗೆ ಚಪ್ಪಡಿ ಹಾಕಿ. ಕಬ್ಬಿಣದ ಜಾಲರಿ ಹಾಕಿದರೆ ಸಂದು ಅರ್ಧ ಇಂಚು ದಾಟದಿರಲಿ, ಗಾಲಿ ಸಿಕ್ಕಿಕೊಳ್ಳುತ್ತದೆ. ಒಂದು ಮಾತು: ಅದು ಎಲ್ಲರೂ ಬರುವ ಬಾಗಿಲಾಗಿರಬೇಕು. ಅಡುಗೆಮನೆಯ ಹಂಡೆ, ಕಡಾಯಿಗಳ ನಡುವೆ ಅತಿಥಿಯನ್ನು ಕರೆತರುವುದು ಮರ್ಯಾದೆಯಲ್ಲ.

ರ‍್ಯಾಂಪೇ ಬೇಕಾದರೆ ಪಾಲಿಶ್ ಗ್ರಾನೈಟ್ ಹಾಕಲೇಬೇಡಿ. ಜುಲೈ ತಿಂಗಳಲ್ಲಿ ಅದರ ಮೇಲೆ ಗಟ್ಟಿಮುಟ್ಟಾದವರೂ ಜಾರುತ್ತಾರೆ. ಕಾಂಕ್ರೀಟ್ ಹಸಿಯಿರುವಾಗಲೇ ಪೊರಕೆಯಿಂದ ಅಡ್ಡಗೆರೆ ಎಳೆದರೆ ಸಾಕು, ಮೇಲೊಂದು ಶೀಟಿನ ಮಾಡು ಇದ್ದರೆ ಪಾಚಿಯೂ ಕಮ್ಮಿ. ಎರಡೂ ಬದಿ ಹಿಡಿಕಂಬಿ ಬೇಕು, 700 ಮತ್ತು 900 ಮಿ.ಮೀ. ಎತ್ತರದಲ್ಲಿ. ಮದುವೆಗೆ ಬರುವ ಮಂಡಿನೋವಿನ ಅಜ್ಜಿಯರು ಅದನ್ನು ಮೊದಲು ಹಿಡಿಯುತ್ತಾರೆ ನೋಡಿ.

ಶೌಚಾಲಯದ ಬಾಗಿಲು ಹೊರಕ್ಕೆ ತೆರೆಯಬೇಕು. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲಿಗೆ ಅವರ ಮೈಯೇ ಅಡ್ಡವಾಗುತ್ತದೆ. ವೀಲ್‌ಚೇರ್ ತಿರುಗಲು 1500 ಮಿ.ಮೀ. ಜಾಗ ಬಿಡಿ. ಅಲ್ಲಿ ಹರಿದ ಶಾಮಿಯಾನ ತುಂಬಿಡದಂತೆ ನೋಡಿಕೊಳ್ಳುವುದು ಸಮಿತಿಯವರ ಕೆಲಸ.

ಪರೀಕ್ಷೆಗೆ ಕಾನೂನೂ ಬೇಕಲ್ವಾ? 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪ್ರಕಾರ ಸಾರ್ವಜನಿಕರು ಬಳಸುವ ಖಾಸಗಿ ಕಟ್ಟಡವೂ ಸಾರ್ವಜನಿಕ ಕಟ್ಟಡವೇ. ಹಾಗಾಗಿ ‘ಇದು ನಮ್ಮ ಸಂಘದ್ದು’ ಎಂಬ ವಾದ ನಡೆಯುವುದಿಲ್ಲ. ಸೆಕ್ಷನ್ 44ರಂತೆ ನಕ್ಷೆ ನಿಯಮಕ್ಕೆ ತಕ್ಕಂತಿಲ್ಲದಿದ್ದರೆ ಕಟ್ಟಲು ಅನುಮತಿಯೇ ಸಿಗಬಾರದು. ಹಳೆಯ ಕಟ್ಟಡಗಳಿಗೆ ಸೆಕ್ಷನ್ 45 ಐದು ವರ್ಷದ ಗಡುವು ಕೊಟ್ಟಿತ್ತು. ನಿಯಮಗಳು ಬಂದದ್ದು 2017ರಲ್ಲಿ, ಲೆಕ್ಕ ನೀವೇ ಹಾಕಿ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, ಈ ಮಾನದಂಡಗಳು ಬರೀ ಸಲಹೆಯಂತಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದಿತು.

ಕೊನೆಗೆ ವೇದಿಕೆ. ಇದನ್ನು ಸುಮಾರು ಜನ ಮರೆಯುತ್ತಾರೆ. ವಧೂವರರಿಗೆ ಅಕ್ಷತೆ ಹಾಕಲು ಎಲ್ಲರೂ ಮೇಲೆ ಹತ್ತಬೇಕು. ಮೂರಡಿ ವೇದಿಕೆಗೆ 36 ಅಡಿ ರ‍್ಯಾಂಪ್ ಬೇಕಾಗುತ್ತದೆ. ಒಂದೇ ಅಡಿ ಎತ್ತರಿಸಿದರೆ ಪಕ್ಕದಲ್ಲಿ 12 ಅಡಿಯಲ್ಲಿ ಮುಗಿಯುತ್ತದೆ.